ಒಬ್ಬೊಬ್ಬರಿಗೊಂದು ಕೊನೆ

"ನೀನು ಶುದ್ಧ ಸುಳ್ಳ, ಮಾಮ!" ಎಂದಳು ಎಡಿಲೆನಿ, ಹೊಸ್ತಿಲು ದಾಟುವ ಮೊದಲೇ.

ಒಸ್ಮಾರಿನೊ ಬೇಯಿಸಿದ ಪುಪುನ್ಯಾ ಹಣ್ಣಿನ ಸಿಪ್ಪೆ ಸುಲಿಯುತ್ತ ಕೂತಿದ್ದ. ಸಕ್ಕರೆ ಕಾಯಿಲೆಗೆ ಎರಡೂ ಕಣ್ಣು ಹೋಗಿ ಮೂರು ವರ್ಷವಾಗಿತ್ತು. ಧ್ವನಿ ಬಂದ ಕಡೆ ಮುಖ ತಿರುಗಿಸಿ, "ಬೈಯೋಕಾದ್ರೂ ಒಬ್ರು ಬಂದ್ರಲ್ಲ, ಸಂತೋಷ. ಯಾರಮ್ಮ?" ಎಂದ.

"ಎಡಿಲೆನಿ. ಮೂರನೇ ಟಿವಿ ಮುಂದೆ ಕೂರ್ತಿದ್ದೆ."

"ಓ, ಉಗುರು ಕಚ್ಚೋಳು! ಈಗ್ಲಾದ್ರೂ ಬೆರಳು ಉಳಿದಿದಾವೋ ಇಲ್ವೋ?"

ಅವಳು ನಗಲಿಲ್ಲ. ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಕುಕ್ಕಿದಳು. ಮೂವತ್ತು ವರ್ಷದ ಹಿಂದೆ ಇದೇ ಕೋಣೆ ನದಿ ದಂಡೆಯ ಸಾಂತಾರೆಂ ಊರಿಗೆಲ್ಲ ಇದ್ದ ಒಂದೇ ವಿಡಿಯೋ ಗೇಮ್ ಅಂಗಡಿಯಾಗಿತ್ತು. ಗೇಮ್‌ಗಳೆಲ್ಲ ಜಪಾನಿ ಭಾಷೆಯವು. ವಲಸೆ ಬಂದು ಮೆಣಸಿನ ತೋಟ ಮಾಡಿದ್ದ ಜಪಾನಿಯರ ಹತ್ತಿರ ಎರಡು ವರ್ಷ ಕೆಲಸ ಮಾಡಿದ್ದ ಒಸ್ಮಾರಿನೊ ಒಬ್ಬನಿಗೇ ಅದು ಓದಲು ಬರುತ್ತದೆ ಎಂದು ಅಲ್ಲಿ ಆಡುತ್ತಿದ್ದ ಮಕ್ಕಳಾದ ನಾವೆಲ್ಲ ನಂಬಿದ್ದೆವು. ಆಟವನ್ನು ಪೂರ್ತಿ ಗೆದ್ದು ಮುಗಿಸುವುದಕ್ಕೆ ನಮ್ಮ ಕಡೆ 'ಸೊನ್ನೆ ಮಾಡುವುದು' ಎನ್ನುತ್ತೇವೆ. ಯಾರಾದರೂ ಸೊನ್ನೆ ಮಾಡಿದರೆ ಅವನು ಉಳಿದವರನ್ನೆಲ್ಲ ಜಗಲಿಗೆ ಅಟ್ಟಿ, ಬಾಗಿಲು ಹಾಕಿಕೊಂಡು, ಗೆದ್ದವರಿಗೆ ಮಾತ್ರ ಕೊನೆಯ ಪರದೆಯನ್ನು ಓದಿ ಹೇಳುತ್ತಿದ್ದ. ಯಾರಿಗೂ ಬಾಯಿ ಬಿಡುವುದಿಲ್ಲ ಎಂದು ಆಣೆ ಹಾಕಿಸಿಕೊಳ್ಳುತ್ತಿದ್ದ. ಬೆವರು ಸುರಿಸಿದವರಿಗೇ ಕೊನೆ ಸೇರಬೇಕು, ಅದು ನ್ಯಾಯ ಎಂದು ನಾವೂ ತಲೆಯಾಡಿಸುತ್ತಿದ್ದೆವು.

"ನಾವು ಹನ್ನೊಂದು ಜನ ಇಲ್ಲಿ ಸೊನ್ನೆ ಮಾಡಿದ್ವಲ್ಲ, ಆ ಕೋಟೆ ಆಟಾನ ನಮ್ಮ ಭಾಷೆಗೆ ತರ್ತಿದೀನಿ," ಎಂದಳು ಎಡಿಲೆನಿ. "ನಾಲ್ಕು ವರ್ಷದಿಂದ. ಅದಕ್ಕೇಂತ ಜಪಾನಿ ಭಾಷೆ ಕಲ್ತೆ. ನಿನ್ನೆ ಕೊನೇ ಪರದೆಗೆ ಬಂದೆ. ಅಲ್ಲೇನೂ ಇಲ್ಲ ಮಾಮ. ಹಳೇ ಜೊತೆಗಾರರಿಗೆಲ್ಲ ಫೋನ್ ಮಾಡಿ ಕೇಳ್ದೆ. ಜಾಂದಿರಾಗೆ ಕುಂಟ ರಾಜಕುಮಾರ ಓಟದಲ್ಲಿ ಗೆದ್ದ ಅಂದಿದೀಯ. ಕ್ಲೋಡೊವಿಲ್‌ಗೆ ಅಪ್ಪ ಕುಡಿಯೋದು ಬಿಟ್ಟು ಮನೆಗೆ ಬಂದ ಅಂದಿದೀಯ. ಹನ್ನೊಂದು ಜನಕ್ಕೆ ಹನ್ನೊಂದು ಕೊನೆ!"

ಮುದುಕ ಸಿಪ್ಪೆಗಳನ್ನು ತಡಕಾಡಿ ಒಂದು ಕಡೆ ಗುಡ್ಡೆ ಮಾಡಿದ.

"ನನಗೆ ಒಂದಕ್ಷರಾನೂ ಬರ್ತಿರ್ಲಿಲ್ಲ ಕಣಮ್ಮ. ತೋಟದಲ್ಲಿ ಗೊಬ್ಬರ ಹೊರ್ತಿದ್ದೆ, ಅಷ್ಟೆ. ಮೊದಲ್ನೇ ಸಲ ಒಬ್ಬ ಹುಡುಗ ಗೆದ್ದಾಗ ಕೊನೇಲಿ ಒಂದು ಸಾಲು ಅಕ್ಷರ ಬಂತು, ಆರೋಯ್ತು. ಎಂಟು ತಿಂಗಳು ಒದ್ದಾಡಿದ ಮಗು ನನ್ನ ಮುಖ ನೋಡ್ತಾ ಕೂತಿದೆ. ಏನೂ ಇಲ್ಲ, ಎದ್ದು ಮನೆಗೆ ಹೋಗು ಅನ್ಲಾ? ಅವರವರಿಗೆ ಏನು ಬೇಕಿತ್ತೋ ಅದನ್ನ ಓದ್ದೆ."

"ನನಗೇನು ಓದ್ದೆ, ನೆನಪಿದ್ಯಾ?"

"ಸೇತುವೆ ಆಚೆ ನಿಮ್ಮಮ್ಮ... ಅಲ್ಲ, ಆ ಆಟದ ಹುಡುಗಿ ಅಮ್ಮ, ದೀಪ ಹಿಡ್ಕೊಂಡು ಬರ್ತಿದಾಳೆ ಅಂತ." ಅವನ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಇತ್ತು. "ಆ ವರ್ಷ ತಾನೆ ನಿಮ್ಮಮ್ಮ ಮನೆಗೆಲಸಕ್ಕೆ ಅಂತ ದೋಣಿ ಹತ್ತಿ ಮನಾಸ್‌ಗೆ ಹೋಗಿದ್ದು. ಕೇಳಿ ನೀನು ಕುಣಿದಾಡ್ಬಿಟ್ಟೆ."

"ಕುಣಿದೆ. ಆಮೇಲೆ ನಾಲ್ಕು ವರ್ಷ ಪ್ರತಿ ಶನಿವಾರ ಮನಾಸ್ ದೋಣಿ ಬರೋ ಹೊತ್ತಿಗೆ ದೋಣಿಕಟ್ಟೆ ಮೇಲೆ ನಿಂತೆ. ಕೊನೇ ಪ್ರಯಾಣಿಕ ಇಳಿದು ಹೋಗೋ ತನಕ ನಿಲ್ತಿದ್ದೆ. ಅವಳು ಬರ್ಲಿಲ್ಲ. ಬರಲ್ಲ ಅಂತ ಊರಿಗೆಲ್ಲ ಗೊತ್ತಿತ್ತು, ನನಗೊಬ್ಬಳಿಗೇ ಗೊತ್ತಿರ್ಲಿಲ್ಲ, ನಿನ್ನಿಂದ."

ಇದು ಒಸ್ಮಾರಿನೊಗೆ ತಿಳಿದಿರಲಿಲ್ಲ. ಕೈಯಲ್ಲಿದ್ದ ಹಣ್ಣನ್ನು ಕೆಳಗಿಟ್ಟ.

"ಇಷ್ಟು ವರ್ಷ ಯಾರಾದ್ರೂ ಬರ್ತಾರೆ, ಬಂದು ಕೇಳ್ತಾರೆ ಅಂತಿದ್ದೆ," ಎಂದ. "ನನ್ನ ಹೆಂಡ್ತಿ ಲಿಂಡೌರಾ ತೀರ್ಕೊಂಡಾಗ್ಲೂ ಯಾರೂ ಬರ್ಲಿಲ್ಲ. ಶವಪೆಟ್ಟಿಗೆ ಹೊರೋಕೆ ಬಾಡಿಗೆ ಜನ. ನಿನ್ನ ಕೈಲಿ ಬೈಸ್ಕೊಳೋಕೆ ನಾನು ತಯಾರು. ಒಂದೇ ಒಂದು ಕೇಳ್ತೀನಿ. ಆ ಆಟಾನ ನಾನು ಯಾವತ್ತೂ ಸೊನ್ನೆ ಮಾಡ್ಲಿಲ್ಲ, ನನ್ನ ಬೆರಳಿಗೆ ಆ ಚುರುಕು ಇರ್ಲಿಲ್ಲ. ಅಲ್ಲಿ ನಿಜವಾಗಿ ಏನಿದೆ, ನನಗೆ ಓದಿ ಹೇಳು."

ಅವಳು ಬಂದದ್ದೇ ಅದಕ್ಕೆ. ಆ ಒಂದೇ ಒಂದು ಬರಿಯ ಮಾತನ್ನು ಅವನ ಮುಖಕ್ಕೆ ಎಸೆದು ಹೋಗಬೇಕು ಎಂದು ದಾರಿಯುದ್ದಕ್ಕೂ ಬಾಯಲ್ಲಿ ಇಟ್ಟುಕೊಂಡು ಬಂದಿದ್ದಳು. ಲ್ಯಾಪ್‌ಟಾಪ್ ತೆರೆದು ಕೊನೆಯ ಪರದೆಗೆ ಬಂದು ಗುಂಡಿ ಒತ್ತಿದಳು. ಟಿಕ್, ಟಿಕ್, ಟಿಕ್, ಟಿಕ್ ಎಂದು ನಾಲ್ಕು ಅಕ್ಷರಗಳು ಒಂದೊಂದಾಗಿ ಮೂಡಿ ನಿಂತವು. 'ಮುಗಿಯಿತು'. ಅಷ್ಟೇ.

ಮುದುಕ ಪುಪುನ್ಯಾದ ಎಣ್ಣೆ ಹತ್ತಿದ ಕೈಗಳನ್ನು ಅಂಗಿಗೆ ಒರೆಸಿಕೊಂಡು, ಇಗರ್ಜಿಯಲ್ಲಿ ಕೂತವನಂತೆ ನೆಟ್ಟಗೆ ಕೂತಿದ್ದ. ಎಡಿಲೆನಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ, ಆದರೂ ಆ ಮಾತನ್ನು ಬಾಯಲ್ಲೇ ಉಳಿಸಿಕೊಂಡಳು.

"ಕೋಟೆ ಬಾಗಿಲು ಕಾಯೋ ಮುದುಕನ್ನ ಯಾರೂ ಮರೀಲಿಲ್ಲ," ಎಂದು ಅವಳು ಪರದೆ ನೋಡುತ್ತಲೇ ಓದಿದಳು. "ಯುದ್ಧ ಮುಗಿಸಿ ಬಂದೋರೆಲ್ಲ ತಮ್ಮ ಮನೆಗೂ ಹೋಗ್ದೆ ಮೊದಲು ಅವನ ಮನೆಗೇ ಬಂದ್ರು. ಕೂರೋಕೆ ಜಾಗ ಸಾಲ್ದೆ ಜಗಲಿ ಮೇಲೆಲ್ಲ ಕೂತ್ರು."

ಒಸ್ಮಾರಿನೊ ಬೆರಳು ಮಡಚಿ ಎಣಿಸಿದ.

"ಅಕ್ಷರಕ್ಕೊಂದು ಟಿಕ್ ಅಲ್ವೇನಮ್ಮ? ನನಗೆ ನಾಲ್ಕೇ ಕೇಳಿಸ್ತು," ಎಂದ. ಆಮೇಲೆ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು, "ಇರ್ಲಿ ಬಿಡು. ಯಾರ್ಯಾರು ಬಂದ್ರು, ಹೆಸರು ಹೇಳು," ಎಂದ.