ನೀಲಗಂಗವ್ವನ ಎಡಗಣ್ಣು

ಶಸ್ತ್ರಚಿಕಿತ್ಸೆಯ ನೋವು ಅದನ್ನು ಮಾಡುವ, ಇನ್ನೂ ಕಲಿಯುತ್ತಿರುವ ಡಾಕ್ಟರಿಗೇ ಹೋಗಬೇಕೆಂಬ ಕಾಯ್ದೆ ಬಂದ ಮೇಲೆ, ಕಣ್ಣಿನ ಪೊರೆ ತೆಗೆಸಿಕೊಳ್ಳಲು ಯಾರೂ ಹೆದರುತ್ತಿರಲಿಲ್ಲ. ಹೂ ಮಾರುವ ನೀಲಗಂಗವ್ವನೂ ನಿಶ್ಚಿಂತೆಯಿಂದ ಮಲಗಿದಳು. ಅವಳ ಬಲಗಣ್ಣು ಎಂದೋ ಹೋಗಿತ್ತು, ಉಳಿದದ್ದು ಎಡಗಣ್ಣೊಂದೇ. ನರ್ಸ್ ಅವಳ ಮಣಿಕಟ್ಟಿಗೂ ಡಾಕ್ಟರ್ ತನುಜಾಳ ಮಣಿಕಟ್ಟಿಗೂ ಪಟ್ಟಿ ಕಟ್ಟಿ, ನಡುವೆ ತಂತಿ ಜೋಡಿಸಿದಳು.

"ನಿಮಗೇನೂ ಗೊತ್ತಾಗೂದಿಲ್ರಿ ಅವ್ವಾರ," ಎಂದಳು ತನುಜಾ.

"ನಿನಗ ಭಾಳ ನೋಯ್ತೈತೇನ ಯವ್ವಾ?"

"ರೂಢಿ ಆಗೇತ್ರಿ."

ರೂಢಿಯಾಗಿರಲಿಲ್ಲ. ನೀಲಗಂಗವ್ವನಿಗೆ ಮಸುಕು ಬೆಳಕಷ್ಟೇ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ತಲೆಯ ಬಳಿ ಹುಡುಗಿ ಹಲ್ಲು ಕಚ್ಚಿ ನರಳುವುದು ಕೇಳಿಸಿತು.

"ಸಾಕು ಬಿಡ ಯವ್ವಾ. ಕಂಡಷ್ಟು ಕಾಣ್ಲಿ."

"ನಡುವ ಬಿಡಾಕ ಬರೂದಿಲ್ರಿ," ಎಂದು ತನುಜಾ ಮುಂದುವರಿದಳು. ಮರುಕ್ಷಣವೇ ಅವಳು ಚೀರಿದಳು, ಕೈ ಜಾರಿತ್ತು. ಹಿರಿಯ ಡಾಕ್ಟರು ಓಡಿ ಬಂದು ಉಳಿದ ಕೆಲಸ ಮುಗಿಸಿದರು.

ಮರುದಿನ ಕಣ್ಣಿನ ಕಟ್ಟು ಬಿಚ್ಚಿದಾಗ ಕತ್ತಲೆಯೇ ಇತ್ತು.

"ಆಪರೇಷನ್ ಹೊತ್ತಿನ್ಯಾಗ ನೋವಾತೇನ್ರಿ?" ಹಿರಿಯ ಡಾಕ್ಟರು ಮೃದುವಾಗಿ ಕೇಳಿದರು.

"ಇಲ್ರಿ. ಆದರ ಏನೂ ಕಾಣವಲ್ದು."

ಅವರು ಚೀಟಿಯಲ್ಲಿ ‘ನೋವಿಲ್ಲ’ ಎಂದು ಬರೆದುಕೊಂಡರು.

"ಆ ಹುಡುಗಿ ಎಲ್ಲಿ ಅದಾಳ್ರಿ? ಆಕಿನ್ನ ಬೈಬ್ಯಾಡ್ರಿ."

"ಯಾರೂ ಬೈದಿಲ್ರಿ. ಒಳಗ ಇನ್ನೊಬ್ಬರ ಕಣ್ಣು ಮಾಡಾಕತ್ತಾಳ."

ನೀಲಗಂಗವ್ವ ಗೋಡೆ ತಡವುತ್ತ ಪಡಸಾಲೆಗೆ ಬಂದಳು. ಅಷ್ಟರಲ್ಲಿ ಒಳಗಿನಿಂದ ತನುಜಾಳ ಚೀತ್ಕಾರ ಕೇಳಿಸಿತು. ನೀಲಗಂಗವ್ವ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟಳು. ಅವಳ ಹಿಂದೆ, ಸರದಿಗಾಗಿ ಕುಳಿತವರ ಹರಟೆ ನಿಲ್ಲಲಿಲ್ಲ.