ದುಃಖತಪ್ತ ಗೆಳೆಯರು

ಇನ್ನು ಕೀಮೋ ಕೊಟ್ಟು ಪ್ರಯೋಜನವಿಲ್ಲ, ಹೆಚ್ಚೆಂದರೆ ಆರು ತಿಂಗಳು ಎಂದು ಡಾಕ್ಟರು ಹೇಳಿದ ಮರುದಿನ ಅವನು ತನ್ನದೇ ಶ್ರದ್ಧಾಂಜಲಿಯ ಫ್ಲೆಕ್ಸ್ ಮಾಡಿಸಲು ಹೋದ. ಬೇರೆಯವರಿಗೆ ಬಿಟ್ಟರೆ ಆಧಾರ್ ಕಾರ್ಡಿನ ಫೋಟೊ ಹಾಕಿಬಿಡುತ್ತಾರೆ ಎಂಬ ಭಯ ಅವನಿಗೆ.

"ತೀರ್ಕೊಂಡೋರು ಯಾರು?" ಡಿಸೈನರ್ ಕಂಪ್ಯೂಟರಿನಿಂದ ಕಣ್ಣೆತ್ತದೆ ಕೇಳಿದ.

"ನಾನೇ. ಇನ್ನೂ ಸ್ವಲ್ಪ ಬಾಕಿ ಇದೆ."

ಡಿಸೈನರ್ ಈಗ ಕಣ್ಣೆತ್ತಿದ. ಬೋಳು ತಲೆಯನ್ನೂ ಉದುರಿದ ಹುಬ್ಬನ್ನೂ ನೋಡಿ ಮತ್ತೆ ಪರದೆಗೆ ತಿರುಗಿದ.

"ಫೋಟೊ?"

"ಕೂಲಿಂಗ್ ಗ್ಲಾಸ್ ಹಾಕಿರೋದು."

"ಎಮ್ಮೆಲ್ಲೆ ಟಿಕೆಟ್ ಕೇಳೋ ಹಂಗೆ ಕಾಣುತ್ತೆ ಸಾರ್."

"ಕಾಣ್ಲಿ ಬಿಡಪ್ಪ. ಸೋತರೂ ಚಿಂತೆ ಇಲ್ಲ."

"ದಿನಾಂಕ?"

"ಜಾಗ ಬಿಡು. ಆಮೇಲೆ ಯಾರಾದ್ರೂ ಮಾರ್ಕರ್‌ನಲ್ಲಿ ಬರೀತಾರೆ."

"ಕೆಳಗೆ 'ದುಃಖತಪ್ತ ಗೆಳೆಯರು' ಅಂತ ಸಾಲಾಗಿ ಫೋಟೊ ಬರ್ತವೆ. ಕೊಡಿ."

ಅವನು ಮೊಬೈಲ್ ತೆಗೆದು ಬಹಳ ಹೊತ್ತು ಹುಡುಕಿದ. ಕಾಯಿಲೆಯ ಸುದ್ದಿ ಹಬ್ಬಿದ ಮೇಲೆ ಗೆಳೆಯರು ಒಬ್ಬೊಬ್ಬರಾಗಿ ಫೋನ್ ಎತ್ತುವುದನ್ನೇ ಬಿಟ್ಟಿದ್ದರು.

"ಆ ಸಾಲು ತೆಗೆದುಬಿಡು," ಎಂದ.

"ತೆಗೆದ್ರೆ ಡಿಸೈನ್ ಕೆಡುತ್ತೆ ಸಾರ್."

ಡಿಸೈನರ್ ಮೌಸ್ ಆಡಿಸಿದ. ಫ್ಲೆಕ್ಸಿನ ಕೆಳತುದಿಯಲ್ಲಿ ಒಂದೇ ಒಂದು ಮುಖ ಮೂಡಿತು. ಅದು ಡಿಸೈನರನದೇ.

"ನಿಂಗೆ ನನ್ನ ಪರಿಚಯಾನೇ ಇಲ್ವಲ್ಲೋ."

"ಅದಕ್ಕೇ ಇವತ್ತು ಪ್ರಿಂಟ್ ಹಾಕಲ್ಲ," ಎಂದು ಡಿಸೈನರ್ ಕಂಪ್ಯೂಟರ್ ಆರಿಸಿ ಎದ್ದ. "ಗುರುತಿಲ್ದೋರಿಗೋಸ್ಕರ ದುಃಖಪಡೋಕೆ ನಂಗೆ ಬರಲ್ಲ. ಏಳಿ ಸಾರ್, ಮೊದ್ಲು ಟೀ ಕುಡಿಯೋಣ."