ತಂತಿಯಿಲ್ಲದ ಕಳ್ಳ

“ಕಂಬ ಹೊತ್ತವನು ನಾನು!” ಕೂಸಪ್ಪ ಗೌಡರು ತಮ್ಮ ಲಾಡ್ಜಿನ ಕೌಂಟರಿನ ಮೇಲೆ ಗುದ್ದಿದರು. “ನಲ್ವತ್ತು ವರ್ಷದ ಹಿಂದೆ ಈ ಬೀದಿಗೆ ಫೋನಿನ ತಂತಿ ಎಳೀಲಿಕ್ಕೆ ಆಳಿಲ್ಲ ಅಂದ್ರು. ಈ ಹೆಗಲಲ್ಲಿ ಕಂಬ ಹೊತ್ತು ತಂದು ನೆಟ್ಟೆ. ಆ ಫೋನು ಒಂದು ದಿನವೂ ನನ್ನೆದುರು ಬಾಯಿ ಮುಚ್ಚಲಿಲ್ಲ. ನಿನ್ನ ಈ ತಂತಿಯಿಲ್ಲದ ಮಾಯಕ್ಕೆ ಎಂತ ಮಾರಾಯ್ತಿ ರೋಗ?”

ಮಾತು ಸುಳ್ಳಲ್ಲ. ಅಂದು ಜಾರಿದ ಕಂಬ ಅವರ ಎಡಪಾದವನ್ನು ಜಜ್ಜಿತ್ತು. ಸುಬ್ರಹ್ಮಣ್ಯದ ಲಾಡ್ಜುಗಳ ಪೈಕಿ ಮೊದಲು ಗಂಟೆ ಬಾರಿಸಿದ ಫೋನು ಅವರದು. ಅಂದಿನಿಂದ ಅವರು ತುಸು ಕುಂಟುತ್ತಾರೆ. ಆ ಕುಂಟನ್ನು ಪದಕದಂತೆ ಧರಿಸಿದ್ದಾರೆ.

ಎದುರು ನಿಂತಿದ್ದವಳು ಸುಪ್ರಿತಾ. ಅಂಗಡಿ, ಆಸ್ಪತ್ರೆ, ಲಾಡ್ಜುಗಳಿಗೆ ವೈಫೈ ಜೋಡಿಸಿಕೊಡಲು ಪುತ್ತೂರಿನಲ್ಲಿ ಸ್ವಂತ ಕಚೇರಿ ತೆರೆದ ಮೇಲೆ ಅವಳಿಗೆ ದೊರೆತ ಮೊದಲ ದೊಡ್ಡ ಕೆಲಸ ಇದು. ಇಲ್ಲಿನ ಫಲ ನೋಡಿ ಒಪ್ಪಿಗೆ ಕೊಡುತ್ತೇವೆಂದು ಊರಿನ ಉಳಿದ ಲಾಡ್ಜುಗಳವರು ಕಾದು ಕುಳಿತಿದ್ದರು. ಗೌಡರು ಇಂದು ಅವಳ ಯಂತ್ರಗಳನ್ನು ಸೂರಿನಿಂದ ಕಿತ್ತು ಕಳಿಸಿದರೆ ಪುತ್ತೂರಿನ ಕಚೇರಿಗೆ ಬೀಗವೇ ಗತಿ.

“ನಿನ್ನೆ ನಾನೇ ಎಲ್ಲ ಮಹಡಿ ನೋಡಿದ್ದೇನೆ, ಗೌಡ್ರೇ. ಎಲ್ಲ ಸರಿ ಇತ್ತು.”

“ಅದೇ ನಾನೂ ಹೇಳುದು! ನಾನು ಅರಂತೋಡಿನ ಮನೆಯಲ್ಲಿರುವಾಗ ಎಲ್ಲ ಸರಿ. ನಾನು ಬಂದು ಮೆಟ್ಟಿಲು ಹತ್ತಿದ ಕೂಡಲೇ ಗಿರಾಕಿಗಳು ಬಾಗಿಲು ತೆರೆದು ನೆಟ್ ಇಲ್ಲ ಅಂತ ಬೊಬ್ಬೆ ಹೊಡೆಯುದು. ಎಂತ ಅರ್ಥ? ನಾನು ಬರುದನ್ನು ನೋಡಿಕೊಂಡು ಯಾರೋ ಕಡಿತಾರೆ. ನನ್ನ ಮರ್ಯಾದೆ ತೆಗೀಲಿಕ್ಕೆ!” ಅವರ ಬೆರಳು ಎದುರಿನ ಲಾಡ್ಜಿನತ್ತ ಚಾಚಿತು. “ಆ ಬೋಜ ಕಳಿಸಿದವಳಲ್ಲವಾ ನೀನು?”

ಸುಪ್ರಿತಾಳ ಕಿವಿ ಕೆಂಪೇರಿತು. “ಬೋಜಣ್ಣನ ಮುಖವನ್ನೇ ನಾನು ನೋಡಿಲ್ಲ. ನಾಲಿಗೆ ಹಿಡಿದು ಮಾತಾಡಿ.”

ಕೌಂಟರಿನ ಹಿಂದಿದ್ದ ಮೋಕ್ಷಿತ್ ಬೀಗದ ಕೈಗಳನ್ನು ಸುಮ್ಮನೆ ಎಣಿಸತೊಡಗಿದ. ಗೌಡರ ಕಣ್ಣು ತಪ್ಪಿಸಿ ಇಲ್ಲಿ ಯಾರೂ ಆಕಳಿಸುವಂತಿರಲಿಲ್ಲ. ಜೀಪಿನಲ್ಲಿ ಬರುವಾಗಲೂ ಅವರು ಟ್ಯಾಬಿನಲ್ಲಿ ಲಾಡ್ಜಿನ ಕ್ಯಾಮೆರಾ ನೋಡುತ್ತ, ಕುಳಿತವರನ್ನು ಗುರುತಿಟ್ಟುಕೊಂಡು, ಇಳಿದೊಡನೆ ಬೈಯುತ್ತಿದ್ದರು. ಈಗ ಬೋಜನನ್ನೇ ವಿಚಾರಿಸುತ್ತೇನೆಂದು ಫೋನು ತೆಗೆದರು. ಅದು ಕೆಂಡದಂತೆ ಬಿಸಿಯಾಗಿತ್ತು.

“ಇದೊಂದು ಶನಿ! ಬೆಳಿಗ್ಗೆ ತುಂಬಿಸಿದ ಚಾರ್ಜು ಊಟಕ್ಕೆ ಮೊದಲೇ ಖಾಲಿ. ಡೇಟಾ ಕಾಫಿಗೆ ಮೊದಲೇ ಖಾಲಿ. ಎಲ್ಲರೂ ಕಳ್ಳರು!” ಎಂದು ಮತ್ತೆ ಕಿಸೆಗೆ ತುರುಕಿದರು.

ಸುಪ್ರಿತಾ ಲ್ಯಾಪ್‌ಟಾಪ್ ಬಿಡಿಸಿದಳು. ಪರದೆಯ ಮೇಲೆ ಲಾಡ್ಜಿನ ಯಂತ್ರಗಳೆಲ್ಲ ಒಂದೊಂದಾಗಿ ಮೂಡಿದವು. ಕೊನೆಯಲ್ಲಿ, ಅವಳು ಅಳವಡಿಸದ ಒಂದು ಮೂಡಿತು. ಅವಳ ಹುಬ್ಬು ಗಂಟಿಕ್ಕಿತು.

“ಕಳ್ಳ ಇರುದು ನಿಜ ಗೌಡ್ರೇ. ಲಾಡ್ಜಿನ ಹೆಸರಿನಲ್ಲೇ ಇನ್ನೊಂದು ವೈಫೈ ಬಿಡ್ತಾ ಉಂಟು. ಪಾಸ್‌ವರ್ಡೂ ನಮ್ಮದೇ. ಹತ್ತಿರ ಇರುವ ಮೊಬೈಲುಗಳು ನಮ್ಮದನ್ನು ಬಿಟ್ಟು ಅದಕ್ಕೆ ಅಂಟಿಕೊಳ್ತವೆ. ಅದರಲ್ಲಿ ನೆಟ್ಟೇ ಇಲ್ಲ.”

“ನೋಡಿದೆಯಾ!” ಗೌಡರ ಮುಖ ಗೆಲುವಿನಿಂದ ಉರಿಯಿತು. “ಹುಡುಕು. ನಾನೂ ಬರ್ತೇನೆ.”

ಮೂವರೂ ಹೊರಟರು: ಲ್ಯಾಪ್‌ಟಾಪ್ ಹಿಡಿದ ಸುಪ್ರಿತಾ, ಕುಂಟುತ್ತ ಗೌಡರು, ಬೀಗದ ಕೈಗೊಂಚಲಿನೊಂದಿಗೆ ಮೋಕ್ಷಿತ್. ಊಟದ ಕೋಣೆಯಲ್ಲಿ ಕಳ್ಳ ವೈಫೈಯ ಸಿಗ್ನಲ್ ಬಲವಾಗಿತ್ತು. ಗೌಡರು ಸಾರು ಬಡಿಸುತ್ತಿದ್ದವನ ಜೇಬು ತಡಕಿದರು. ಮೊದಲ ಮಹಡಿಯಲ್ಲಿ ಅಷ್ಟೇ ಬಲ. ಒಂದು ಕೋಣೆಗೆ ನುಗ್ಗಿ ಯಾತ್ರಿಕರೊಬ್ಬರ ಚೀಲ ಎತ್ತಿದರು.

“ಎಂತ ಸ್ವಾಮಿ, ಸೇವೆಗೆ ಬಂದವರು ನಾವು. ಪ್ರಸಾದ ಉಂಟು ಅದರಲ್ಲಿ, ಬೇಕಾ?” ಎಂದರು ಆ ಯಾತ್ರಿಕರು.

ಗೌಡರು ಚೀಲ ಕೆಳಗಿಟ್ಟು ಇನ್ನಷ್ಟು ಸಿಟ್ಟಾದರು. ಎರಡನೆಯ ಮಹಡಿಯಲ್ಲೂ ಅಷ್ಟೇ ಬಲ, ಮೂರನೆಯದರಲ್ಲೂ ಅಷ್ಟೇ.

ಸುಪ್ರಿತಾ ನಿಂತಳು. “ಇದು ಒಂದು ಕಡೆ ಕೂತಿಲ್ಲ. ನಮ್ಮ ಜೊತೆಗೇ ನಡೀತಾ ಉಂಟು.”

ಗೌಡರು ಮೆಲ್ಲನೆ ಹಿಂತಿರುಗಿದರು. ಅವಳೊಬ್ಬಳನ್ನು ಬಿಟ್ಟರೆ ಜೊತೆಯಲ್ಲಿದ್ದವನು ಮೋಕ್ಷಿತ್ ಒಬ್ಬನೇ. ಅವನ ಹಣೆಯಲ್ಲಿ ಬೆವರಿತ್ತು.

“ಮೇಡಂ,” ಎಂದ ಅವನು ಸಣ್ಣ ದನಿಯಲ್ಲಿ, “ಅದೇ ಹೆಸರು, ಅದೇ ಪಾಸ್‌ವರ್ಡ್ ಅಂದ್ರಲ್ಲ? ಅಂಥದ್ದೊಂದನ್ನು ನಾನೇ ಮಾಡಿದ್ದು.”

ಗೌಡರು ಅವನ ಕಾಲರು ಹಿಡಿದರು. ಅಕ್ಕಪಕ್ಕದ ಬಾಗಿಲುಗಳು ತೆರೆದವು, ಗಿರಾಕಿಗಳು ಹೊರಬಂದರು.

“ಉಪ್ಪು ತಿಂದ ಮನೆಗೇ!”

“ಅವನನ್ನು ಬಿಡಿ.” ಸುಪ್ರಿತಾ ಪರದೆಯಿಂದ ತಲೆಯೆತ್ತಿದಳು. ಅವಳ ದನಿ ತಣ್ಣಗಿತ್ತು. “ಮಾಡಿದವ ಇವ ಇರಬಹುದು. ಈಗ ಅದನ್ನು ಇಟ್ಟುಕೊಂಡು ತಿರುಗುವವನಿಗೆ ಎಂತ ಮಾಡ್ತೀರಿ? ಅಷ್ಟು ಹೇಳಿ.”

“ಎಂತ ಮಾಡುದಾ?” ಗೌಡರ ಕೂಗಿಗೆ ಮಹಡಿಯೇ ಮೊಳಗಿತು. “ಅವ ಎಷ್ಟು ದೊಡ್ಡವನೇ ಆಗಲಿ, ಈ ಊರಿನ ಒಂದೊಂದು ಲಾಡ್ಜಿಗೂ ಹೋಗಬೇಕು. ಬೋಜನಲ್ಲಿಗೂ! ಈ ಹುಡುಗಿಯ ಕೆಲಸದಲ್ಲಿ ತಪ್ಪಿರಲಿಲ್ಲ, ಕೆಡಿಸಿದ್ದು ನಾನು ಅಂತ ಕೈಮುಗಿದು ಹೇಳಬೇಕು. ಇಷ್ಟು ಜನರ ಎದುರು ಹೇಳಿದ್ದೇನೆ, ಕೂಸಪ್ಪ ಗೌಡನ ಮಾತು!” ಅವರು ಮೋಕ್ಷಿತ್‌ನ ಕಾಲರನ್ನು ಜಗ್ಗಿದರು. “ಯಾರಿಗೆ ಮಾಡಿಕೊಟ್ಟೆ, ಬೊಗಳು!”

“ಧನಿಗಳೇ, ಜೀಪಿನಲ್ಲಿ ಕ್ಯಾಮೆರಾ ನೋಡ್ಲಿಕ್ಕೆ ಟ್ಯಾಬಿಗೆ ನನ್ನ ಮೊಬೈಲಿಂದ ನೆಟ್ ಬೇಕು, ಬೇರೆ ಹೆಸರು ಬೇಡ, ನನ್ನ ಲಾಡ್ಜಿನ ಹೆಸರೇ ಹಾಕು, ಪಾಸ್‌ವರ್ಡೂ ಅದೇ ಇರಲಿ, ಯಾವಾಗಲೂ ಆನ್ ಇರಲಿ ಅಂತ... ನೀವೇ ಅಲ್ವಾ ಹೇಳಿದ್ದು?”

ಗೌಡರ ಕೈ ಕಾಲರಿನಿಂದ ಜಾರಿ, ಅಂಗಿಯ ಕಿಸೆಯಲ್ಲಿ ಸುಡುತ್ತಿದ್ದ ಫೋನಿನ ಮೇಲೆ ನಿಂತಿತು.

“ಊರಿನ ಲಾಡ್ಜುಗಳಿಗೆ ಹೋಗಿ ಎಂತ ಹೇಳುದು ಅಂದ್ರಿ, ಗೌಡ್ರೇ?” ಎಂದಳು ಸುಪ್ರಿತಾ. “ಇನ್ನೊಮ್ಮೆ ಹೇಳಿ, ಕೇಳುವ.”